ಪದ ಪರಿಚಯ: ಸ್ಟೆಪ್ನಿ

ಮೊನ್ನೆ ಮೈಸೂರಿನ ಹಳೆ ಕಾರೊಂದರ ಜಾಹೀರಾತು ನೋಡಿದೆ. 'ಒಬ್ಬರೇ ಓನರ್, ಕೆಎ 09 ನಂಬರ್, ಸ್ಟೆಪ್ನಿ ಇದೆ' ಅಂತ ಬರೆದಿದ್ದರು. ಜೊತೆಗೆ ಡಿಕ್ಕಿಯ ಫೋಟೋ. ಅದರಲ್ಲಿ ಕಂಡದ್ದು ಒಂದು ಬಾಟಲಿ ಸೀಲೆಂಟು (ಟೈರಿನ ತೂತು ಮುಚ್ಚುವ ಅಂಟು), ಒಂದು ಪುಟ್ಟ ಗಾಳಿ ಪಂಪು. ಚಕ್ರ ಇಲ್ಲವೇ ಇಲ್ಲ. ಈ ತಿಂಗಳಲ್ಲಿ ನಾನು ನೋಡಿದ ಇಂಥ ಜಾಹೀರಾತು ಇದು ಮೂರನೆಯದು. ಪಂಕ್ಚರ್ ಕಿಟ್ಟನ್ನು ಸ್ಟೆಪ್ನಿ ಅನ್ನುವುದು, ಸೂಜಿ ದಾರ ತೋರಿಸಿ ಇನ್ನೊಂದು ಅಂಗಿ ಇದೆ ಅಂದ ಹಾಗೆ.

ಸ್ಟೆಪ್ನಿ ಅಂದರೆ ಪಂಕ್ಚರ್ ಆದಾಗ ಹಾಕಿಕೊಳ್ಳೋಕೆ ಗಾಡಿಯಲ್ಲಿ ಇಡುವ ಹೆಚ್ಚುವರಿ ಚಕ್ರ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಆ ಪದ ಹುಟ್ಟಿದ್ದು ಹೇಗೆ ಅಂತ ಗೊತ್ತಾದರೆ ಅದನ್ನು ಕಂಡ ಕಂಡಲ್ಲಿ ಅಂಟಿಸುವುದು ಕಡಿಮೆ ಆಗಬಹುದು.

ಗ್ಯಾರೇಜುಗಳಲ್ಲಿ ಇದು ಸ್ಟೆಪ್ನಿ, ಸ್ಟೆಪಿನಿ, ಟೆಪ್ನಿ. ಇಂಗ್ಲಿಷಿನ 'ಸ್ಟೆಪ್' ಅನ್ನೋದರಿಂದ ಬಂತು ಅನ್ನುವವರಿದ್ದಾರೆ. ಲಂಡನ್ನಿನಲ್ಲಿ ಸ್ಟೆಪ್ನಿ ಅನ್ನೋ ಬಡಾವಣೆ ಇದೆ, ಅದರದ್ದೇ ಹೆಸರು ಅನ್ನುವವರೂ ಇದ್ದಾರೆ. ಎರಡೂ ಅಲ್ಲ. ವೇಲ್ಸಿನ ದಕ್ಷಿಣ ಕರಾವಳಿಯಲ್ಲಿ ಲನೆಥ್ಲಿ ಅಂತ ಒಂದು ಊರು. ತಗಡಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಊರು. ಅಲ್ಲಿನ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮಾರಿಸ್ ಡೇವಿಸ್ ಮತ್ತು ಅವರ ಸೋದರ ವಾಲ್ಟರ್ 1904ರಲ್ಲಿ ಒಂದು ಹೊಸ ಸಾಧನ ಮಾಡಿದರು. ಬೀದಿಯ ಹೆಸರನ್ನೇ ಅದಕ್ಕೆ ಇಟ್ಟರು: ಸ್ಟೆಪ್ನಿ ಸ್ಪೇರ್ ವೀಲ್. ಆ ಬೀದಿಗೆ ಹೆಸರು ಬಂದದ್ದು ಅಲ್ಲಿನ ಸ್ಟೆಪ್ನಿ ಅನ್ನೋ ಜಮೀನ್ದಾರಿ ಮನೆತನದಿಂದ. ಮನೆತನದ ಹೆಸರು ಬೀದಿಗೆ, ಬೀದಿಯ ಹೆಸರು ಚಕ್ರಕ್ಕೆ. ನಮ್ಮ ಸಯ್ಯಾಜಿರಾವ್ ರಸ್ತೆಯ ಯಾವುದೋ ಅಂಗಡಿಯಲ್ಲಿ ಒಂದು ವಸ್ತು ತಯಾರಾಗಿ, ದೂರದ ದೇಶದವರು ಅದನ್ನು 'ಸಯ್ಯಾಜಿ' ಅಂತ ಕರೆದರೆ ಹೇಗಿರುತ್ತಿತ್ತೋ ಹಾಗೆ.

ಅದು ಎಂಥ ಚಕ್ರ ಅನ್ನೋದು ಇನ್ನೂ ಮುಖ್ಯ. ಆ ಕಾಲದ ಕಾರುಗಳಲ್ಲಿ ಈಗಿನ ಹಾಗೆ ನಾಲ್ಕು ನಟ್ ಬಿಚ್ಚಿ ಚಕ್ರ ತೆಗೆಯೋಕೆ ಆಗುತ್ತಿರಲಿಲ್ಲ. ರಸ್ತೆ ತುಂಬಾ ಕುದುರೆ ಲಾಳದ ಮೊಳೆ. ಪಂಕ್ಚರ್ ಆದರೆ ಅಲ್ಲೇ ಕೂತು, ಚಕ್ರ ಗಾಡಿಯಲ್ಲೇ ಇರುವಾಗ ಟೈರನ್ನು ಕಿತ್ತು, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕಿತ್ತು. ಡೇವಿಸ್ ಸೋದರರ ಸ್ಟೆಪ್ನಿಗೆ ಅರೆಕಾಲುಗಳೇ (ಸ್ಪೋಕ್) ಇರಲಿಲ್ಲ, ನಡುವೆ ಗುಂಬವೂ (ಹಬ್) ಇರಲಿಲ್ಲ. ಬರೀ ಒಂದು ರಿಮ್ಮು, ಅದರ ಮೇಲೆ ಮೊದಲೇ ಗಾಳಿ ತುಂಬಿದ ಟೈರು. ಅದನ್ನು ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ತಂದು ಕ್ಲಾಂಪ್ ಹಾಕಿ ಬಿಗಿದರೆ ಮುಗಿಯಿತು. ಗಾಡಿ ಊರು ಸೇರುವ ತನಕ ಓಡುತ್ತಿತ್ತು.

ಮೊದಲೇ ಗಾಳಿ ತುಂಬಿದ ಟೈರು. ನನಗೆ ಈ ಪದದ ಜೀವ ಇರುವುದು ಅಲ್ಲೇ ಅನಿಸುತ್ತದೆ. ರಬ್ಬರು, ಕಬ್ಬಿಣ ಆಗ ಎಲ್ಲರ ಹತ್ತಿರವೂ ಇತ್ತು. ಸ್ಟೆಪ್ನಿ ಮಾರಾಟವಾದದ್ದು ಅದು ಸಿದ್ಧವಾಗಿ ಬರುತ್ತಿತ್ತು ಅನ್ನೋ ಕಾರಣಕ್ಕೆ. ಅಲ್ಲಿಂದ ಅದು ಹಡಗು ಹತ್ತಿ ನಮ್ಮ ದೇಶಕ್ಕೂ ಬಂತು, ಮಾಲ್ಟಾಕ್ಕೂ ಹೋಯಿತು. ಬ್ರೆಜಿಲ್‌ನಲ್ಲಿ ಇವತ್ತಿಗೂ ಸ್ಪೇರ್ ಚಕ್ರಕ್ಕೆ 'ಎಸ್ಟೆಪಿ' ಅನ್ನುತ್ತಾರೆ. ಬ್ರಿಟನ್ನಿನವರೇ ಆ ಪದ ಬಿಟ್ಟು ಸ್ಪೇರ್ ವೀಲ್ ಅನ್ನತೊಡಗಿದರು. ನಾವು ಉಳಿಸಿಕೊಂಡೆವು.

ಇಲ್ಲಿ ಇನ್ನೊಂದು ಗೊಂದಲ ಬಿಡಿಸಬೇಕು. ಈಗಿನ ಎಷ್ಟೋ ಕಾರುಗಳ ಐದನೇ ಚಕ್ರ ಉಳಿದ ನಾಲ್ಕಕ್ಕಿಂತ ಸಣ್ಣದು. ಅದರ ಮೇಲೆ ಗಂಟೆಗೆ 80 ಕಿ.ಮೀ. ದಾಟಬೇಡಿ ಅನ್ನೋ ಸ್ಟಿಕ್ಕರ್ ಇರುತ್ತದೆ. ಅದನ್ನು ನೋಡಿ 'ಇದು ನಿಜವಾದ ಸ್ಟೆಪ್ನಿ ಅಲ್ಲ' ಅಂತ ಮೂಗು ಮುರಿಯುತ್ತಾರೆ. ಮೂಲ ಅರ್ಥ ಹಿಡಿದರೆ ಅದೇ ನಿಜವಾದ ಸ್ಟೆಪ್ನಿ. ಪಂಕ್ಚರ್ ಅಂಗಡಿ ತನಕ ಮುಟ್ಟಿಸುವುದಷ್ಟೇ ಅದರ ಕೆಲಸ. ತೀರಾ ತೆಳುವಾದ ತಾತ್ಕಾಲಿಕ ಚಕ್ರಗಳಿಗೆ 60 ಪಿಎಸ್ಐ ಒತ್ತಡದ ಗಾಳಿ ಬೇಕು, ಮಾಮೂಲಿ ಟೈರಿನ ಹೆಚ್ಚುಕಡಿಮೆ ಎರಡರಷ್ಟು. ಬದಿಯಲ್ಲಿ ಬರೆದಿರುತ್ತದೆ. ಓದಿಕೊಳ್ಳದೆ 33 ಹಾಕಿಸಿಬಿಟ್ಟರೆ ಅದು ಭಾರ ತಡೆಯಲ್ಲ.

ಹಾಗಾದರೆ ಯಾವುದು ಸ್ಟೆಪ್ನಿ ಅಲ್ಲ? ಗಾಳಿ ಇಲ್ಲದ ಹೊಸ ಟೈರು ಸ್ಟೆಪ್ನಿ ಅಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಒಂದು ರಾತ್ರಿ ಬೆಂಗಳೂರಿನಿಂದ ವಾಪಸ್ ಬರುತ್ತಿದ್ದೆ. ಮದ್ದೂರು ದಾಟಿ, ಇನ್ನೇನು ಮಂಡ್ಯ ಬೈಪಾಸ್ ಅನ್ನುವಾಗ ಹಿಂದಿನ ಎಡ ಟೈರು ಹೋಯಿತು. ಸ್ಟೆಪ್ನಿ ಹೊರಗೆಳೆದೆ. ಒಮ್ಮೆಯೂ ರಸ್ತೆ ಮುಟ್ಟಿರದ ಟೈರು, ರಬ್ಬರಿನ ಮೇಲಿನ ಸಣ್ಣ ಮುಳ್ಳುಗಳು ಕೂಡ ಹಾಗೇ ಇದ್ದವು. ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಯಿತು. ನಾಲ್ಕು ವರ್ಷದಿಂದ ಅದಕ್ಕೆ ಗಾಳಿ ಹಾಕಿಸಿರಲಿಲ್ಲ. ಬೇಲಿಯಾಚೆ, ಸರ್ವೀಸ್ ರೋಡಿನಲ್ಲಿ ಪಂಕ್ಚರ್ ಅಂಗಡಿಯ ಬಲ್ಬು ಕಾಣುತ್ತಿತ್ತು. ಐವತ್ತು ಹೆಜ್ಜೆ ಇರಬಹುದು. ಆದರೆ ಅಷ್ಟು ಎತ್ತರದ ಬೇಲಿ ದಾಟಿಸಿ ಚಕ್ರ ಹೊತ್ತುಕೊಂಡು ಹೋಗೋದು ಹೇಗೆ? ಮನೆಯವರನ್ನು ರಸ್ತೆಬದಿಯ ಕಬ್ಬಿಣದ ತಡೆಯ ಆಚೆ ನಿಲ್ಲಿಸಿದೆ. ಮಂಡ್ಯದ ಗೆಳೆಯನಿಗೆ ಫೋನ್ ಮಾಡಿದೆ. ಅವನು ಸರ್ವೀಸ್ ರೋಡಿನಲ್ಲಿ ಬೈಕಲ್ಲಿ ಬಂದು, ಕಾಲಲ್ಲಿ ತುಳಿಯುವ ಪಂಪನ್ನು ಬೇಲಿ ಮೇಲಿಂದ ನನ್ನ ಕೈಗೆ ಇಳಿಸಿದ.

ಹಳೆ ರಸ್ತೆಯಲ್ಲಿ ಇಂಥ ಪರಿಸ್ಥಿತಿ ಬರುತ್ತಿರಲಿಲ್ಲ. ಪ್ರತಿ ಊರಲ್ಲೂ ಒಂದು ಟೈರು ನೇತುಹಾಕಿದ ಅಂಗಡಿ ಇರುತ್ತಿತ್ತು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥದ ಮುಖ್ಯ ರಸ್ತೆಯಲ್ಲಿ ಅದಿಲ್ಲ. ಅಲ್ಲಿ ನಿಮ್ಮ ಡಿಕ್ಕಿಯಲ್ಲಿ ಇರುವುದಷ್ಟೇ ನಿಮ್ಮದು. 1033 ಅನ್ನೋ ಹೆದ್ದಾರಿ ಸಹಾಯವಾಣಿ ನಂಬರು ಫೋನಿನಲ್ಲಿ ಇರಲಿ. 112 ಹೇಗೂ ನೆನಪಿರುತ್ತದೆ.

ಮನೆಯಲ್ಲಿ ಬಿಟ್ಟು ಬಂದದ್ದೂ ಸ್ಟೆಪ್ನಿ ಅಲ್ಲ. ಸಿಎನ್‌ಜಿ ಸಿಲಿಂಡರ್ ಕೂರಿಸಿದ ಮೇಲೆ ಲಗೇಜಿಗೆ ಜಾಗ ಸಾಲಲ್ಲ ಅಂತ ಚಕ್ರವನ್ನು ಮನೆಯ ಸಜ್ಜದ ಮೇಲೆ ಎಸೆದವರು ನನಗೆ ಗೊತ್ತಿರುವವರಲ್ಲೇ ಮೂವರು ಇದ್ದಾರೆ. ಜಾಕ್ ಇದ್ದು ವೀಲ್ ಸ್ಪ್ಯಾನರ್ ಇಲ್ಲದಿದ್ದರೂ ಅಷ್ಟೇ. ತೀರಾ ಹಳೆಯದಾದ ಟೈರೂ ಅಷ್ಟೇ, ಯಾಕೆಂದರೆ ರಬ್ಬರು ಓಡದೆ ಬಿದ್ದಿದ್ದರೂ ಹಳತಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು.

ಇನ್ನು ಕಿಟ್ ವಿಚಾರ. 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರು, ಟೈರಿನ ಗಾಳಿ ಅಳೆಯುವ ವ್ಯವಸ್ಥೆ, ರಿಪೇರಿ ಕಿಟ್ ಇವಿಷ್ಟೂ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಕಡ್ಡಾಯ ಅಲ್ಲ. ಸರಿ, ಕಾನೂನು ಒಪ್ಪಿದೆ. ಆದರೆ ಕಿಟ್ ಇರುವುದು ಸ್ಟೆಪ್ನಿಯ ಬದಲಿಗೆ. ಅದಕ್ಕೆ ಸ್ಟೆಪ್ನಿ ಅಂತ ಹೆಸರಿಟ್ಟರೆ ಕೊಳ್ಳುವವನಿಗೆ ಮೋಸ ಆಗುತ್ತದೆ. ನೆಲ ಮುಟ್ಟುವ ಭಾಗದಲ್ಲಿ ಮೊಳೆ ಚುಚ್ಚಿದರೆ ಸೀಲೆಂಟು ಕೆಲಸ ಮಾಡುತ್ತದೆ. ಟೈರಿನ ಪಕ್ಕ ಸೀಳಿದರೆ ಏನೂ ಮಾಡಲ್ಲ. ಬಾಟಲಿಗೆ ಎಕ್ಸ್‌ಪೈರಿ ತಾರೀಖೂ ಇದೆ.

ಮನುಷ್ಯರಿಗೆ, ಅದರಲ್ಲೂ ಹೆಂಗಸರಿಗೆ ಸ್ಟೆಪ್ನಿ ಅನ್ನುವ ಕೊಳಕು ಮಾತೂ ಓಡಾಡುತ್ತಿದೆ. ಅದು ಬಿಟ್ಟುಬಿಡಬೇಕಾದ ಮಾತು, ಅಷ್ಟೇ.

ಕಾರಿನಿಂದ ಆಚೆಗೆ ಈ ಪದ ಬಳಸಬಾರದು ಅಂತ ನಾನು ಹೇಳಲ್ಲ. ಚೆನ್ನಾಗಿಯೇ ಒಗ್ಗುತ್ತದೆ. ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಮೊದಲನೆಯದು ಕೈಕೊಟ್ಟಾಗ ಇದು ಆಗಲೇ, ಅದೇ ಕೆಲಸ ಮಾಡುತ್ತಾ? ಡಿಕ್ಕಿಯಲ್ಲಿ ಇಡುವ ಕೆಂಪು ತ್ರಿಕೋನ ಸ್ಟೆಪ್ನಿ ಅಲ್ಲ. ಆದರೂ ಅದಿಲ್ಲದೆ ಕಬ್ಬು ಸಾಗಿಸುವ ಕಾಲದಲ್ಲಿ ಮಂಡ್ಯದ ಒಳರಸ್ತೆಗಳಲ್ಲಿ ರಾತ್ರಿ ಓಡಾಡಬೇಡಿ. ಹಿಂದೆ ದೀಪ ಇಲ್ಲದ ಟ್ರೈಲರುಗಳೇ ಜಾಸ್ತಿ. ಅಂಥದ್ದರ ನಡುವೆ ಕೆಟ್ಟು ನಿಂತ ನಿಮ್ಮ ಗಾಡಿಯಾದರೂ ದೂರದಿಂದ ಕಾಣಲಿ.

ಜೇಬಿನ ವಿಚಾರಕ್ಕೆ ಬನ್ನಿ. ಫೋನಿನಲ್ಲಿ ಎರಡನೇ ಯುಪಿಐ ಆ್ಯಪ್ ಹಾಕಿಕೊಂಡು 'ಸ್ಟೆಪ್ನಿ ಇದೆ' ಅನ್ನುತ್ತಾರೆ. ಅದೇ ಫೋನು, ಅದೇ ನೆಟ್‌ವರ್ಕು. ದೇವರಾಜ ಮಾರುಕಟ್ಟೆಯೊಳಗೆ ಸಿಗ್ನಲ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ. ಫೋನಿನ ಕವರ್ ಹಿಂದೆ ಮಡಚಿಟ್ಟ ಐನೂರರ ನೋಟು ಸ್ಟೆಪ್ನಿ. ಅದರ ಜೊತೆ ಎರಡು ನೂರರ ನೋಟು ಇದ್ದರೆ ಇನ್ನೂ ಒಳ್ಳೆಯದು, ಚಿಲ್ಲರೆ ಇಲ್ಲ ಅಂತ ಆಟೋದವರ ಹತ್ತಿರ ನಿಲ್ಲಬೇಕಾಗಲ್ಲ. ಫೋನಿನ ಟಾರ್ಚು ಸ್ಟೆಪ್ನಿ ಅಲ್ಲ. ನೀವು ಕಾಲ್ ಮಾಡಬೇಕಾದ ಚಾರ್ಜನ್ನೇ ಅದು ತಿನ್ನುತ್ತದೆ. ಬೆರಳುದ್ದದ ಬೇರೆ ಟಾರ್ಚು ಇಟ್ಟುಕೊಳ್ಳಿ. ಪವರ್ ಬ್ಯಾಂಕ್ ಸ್ಟೆಪ್ನಿಯೇ, ಆದರೆ ಅದರಲ್ಲಿ ಚಾರ್ಜ್ ಇದ್ದರೆ ಮಾತ್ರ. ವೈರ್ ಮನೆಯಲ್ಲಿ ಮರೆತಿದ್ದರೆ ಅದೂ ನನ್ನ ಗಾಳಿಯಿಲ್ಲದ ಟೈರಿನ ಹಾಗೆಯೇ. ಹಳೆ ನಂಬರಿನ ಕನ್ನಡಕ ಕೂಡ ಸ್ಟೆಪ್ನಿ. ಸ್ವಲ್ಪ ಮಸುಕಾಗಿ ಕಾಣಬಹುದು, ಮನೆ ಸೇರುವ ತನಕ ಸಾಕು. ದಿನಾ ಬಿಪಿ ಮಾತ್ರೆ ತಗೊಳ್ಳುವವರು ಬ್ಯಾಗಿನಲ್ಲಿ ಎರಡು ದಿನದ್ದು ಜಾಸ್ತಿ ಇಟ್ಟರೆ ಅದೂ ಹಾಗೇ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಇಡಬೇಡಿ, ಮಾತ್ರೆ ಕೆಡುತ್ತದೆ.

ಕಾರಿನ ಎರಡನೇ ಕೀ ಬಗ್ಗೆ ತುಂಬಾ ಜನ ಎಡವುತ್ತಾರೆ. ಅದನ್ನು ಕಾರಿನೊಳಗೇ, ಸಣ್ಣ ಡ್ರಾಯರಿನಲ್ಲಿ ಇಟ್ಟಿರುತ್ತಾರೆ. ಮೊದಲನೇ ಕೀ ಕಳೆದ ದಿನ ಗಾಜಿನಾಚೆಯಿಂದ ಅದನ್ನು ನೋಡುತ್ತಾ ನಿಲ್ಲಬೇಕು, ಅಲ್ವಾ? ನಮ್ಮದು ಈಗ ಸರಸ್ವತಿಪುರಂನ ಅತ್ತೆ ಮನೆಯಲ್ಲಿದೆ, ದೇವರ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ.