ಡೀಲರ್ ಮಾರಿದ ಕಾರಿನ ಮೇಲೆ ಹಳೇ ಮಾಲೀಕರ ಸಾಲ: ಈಗೇನು ಮಾಡುವುದು?

ಪ್ರಶ್ನೆ: ಡೀಲರ್ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಪೂರ್ತಿ ಹಣ ಕೊಟ್ಟಿದ್ದೇನೆ. ಆರ್‌ಸಿ ನನ್ನ ಹೆಸರಿಗೆ ಮಾಡಿಸಲು ಹೋದರೆ, ಹಳೇ ಮಾಲೀಕರ ಸಾಲ ಇನ್ನೂ ತೀರಿಲ್ಲ ಅಂತ ಗೊತ್ತಾಯಿತು. ‘ಇದ್ದ ಹಾಗೇ ಮಾರಿದ್ದು, ನೀವೇ ಸಹಿ ಹಾಕಿದ್ದೀರಲ್ಲ’ ಎನ್ನುತ್ತಾರೆ ಡೀಲರ್. ನನಗೆ ಏನಾದರೂ ಹಕ್ಕಿದೆಯೇ?

ಇದೆ. ಹಿಂದೆಯೂ ಹೇಳಿದ್ದೆ, ಈಗಲೂ ಹೇಳುತ್ತಿದ್ದೇನೆ. ಇನ್ನೆರಡು ತಿಂಗಳಿಗೆ ಇದೇ ಪ್ರಶ್ನೆ ಮತ್ತೆ ಬರುತ್ತದೆ, ಆಗಲೂ ಹೇಳುತ್ತೇನೆ.

ಈ ‘ಇದ್ದ ಹಾಗೇ’ ಅನ್ನುವ ಎರಡು ಪದಕ್ಕೆ ಜನ ಯಾಕೆ ಇಷ್ಟು ಹೆದರುತ್ತಾರೋ! ಅದು ಕಾರಿನ ಸ್ಥಿತಿಯ ಬಗ್ಗೆ ಆಡಿದ ಮಾತು. ಕ್ಲಚ್ ಸವೆದಿದೆ, ಟೈರು ನುಣ್ಣಗಾಗಿದೆ, ಬಾಗಿಲ ಮೇಲೆ ಗೀರು ಇದೆ. ಸರಿ, ನೋಡಿಯೇ ಒಪ್ಪಿಕೊಂಡಿರಿ. ಆದರೆ ಮಾರುವವರಿಗೆ ಮಾರುವ ಹಕ್ಕು ಇತ್ತೇ? ಅದು ಬೇರೆಯೇ ಪ್ರಶ್ನೆ. ಬಾನೆಟ್ ಎತ್ತಿ ನೋಡಿದರೆ ಬ್ಯಾಂಕ್ ಸಾಲ ಕಾಣಿಸುತ್ತದೆಯೇ?

1930ರ ಸರಕು ಮಾರಾಟ ಕಾಯ್ದೆಯ 14ನೇ ಸೆಕ್ಷನ್ ತೆಗೆದು ನೋಡಿ. ಮಾರುವವರಿಗೆ ಮಾರುವ ಹಕ್ಕಿರಬೇಕು, ಕೊಂಡವರು ಯಾರ ಕಾಟವೂ ಇಲ್ಲದೆ ಅನುಭವಿಸುವಂತಿರಬೇಕು, ಕೊಂಡವರಿಗೆ ತಿಳಿಸದ ಸಾಲದ ಹೊರೆ ಅದರ ಮೇಲೆ ಇರಬಾರದು. ಯಾರೂ ಬರೆದುಕೊಡದಿದ್ದರೂ ಈ ಮಾತು ಪ್ರತಿ ಮಾರಾಟದಲ್ಲೂ ಸೇರಿಕೊಂಡೇ ಇರುತ್ತದೆ. ‘ಈ ಕಾರಿನ ಮೇಲೆ ಇಂಥ ಬ್ಯಾಂಕಿನ ಸಾಲ ಇದೆ’ ಅಂತ ಮೊದಲೇ ಹೇಳಿ, ನೀವು ಗೊತ್ತಿದ್ದೇ ಕೊಂಡಿದ್ದರೆ ಕಥೆ ಬೇರೆ. ಸುಮ್ನೆ ರಬ್ಬರ್ ಸ್ಟಾಂಪ್ ಒತ್ತಿದ ‘ಇದ್ದ ಹಾಗೇ’ ಆ ಕೆಲಸ ಮಾಡುವುದಿಲ್ಲ.

‘ಆದರೆ ಮೂರು ತಿಂಗಳು ಓಡಿಸಿಬಿಟ್ಟಿದ್ದೇನಲ್ಲ’ ಅನ್ನುವವರೂ ಇದ್ದಾರೆ. 1923ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪ್ರಕರಣ ನಡೆಯಿತು. ಕೊಂಡು ಸುಮಾರು ನಾಲ್ಕು ತಿಂಗಳಾದ ಮೇಲೆ, ಅದು ಕದ್ದ ಕಾರು ಅಂತ ಪೊಲೀಸರು ಎತ್ತಿಕೊಂಡು ಹೋದರು. ಅಷ್ಟು ದಿನ ಬಳಸಿದ್ದಕ್ಕೆ ಒಂದು ಪೈಸೆಯೂ ಕಡಿತವಾಗದೆ ಪೂರ್ತಿ ಹಣ ವಾಪಸ್ ಬಂತು. ಕೊಂಡದ್ದು ಮಾಲೀಕತ್ವ, ಅದೇ ಸಿಗಲಿಲ್ಲ ಅಂದರೆ ಬಳಕೆಯ ಲೆಕ್ಕ ಎಲ್ಲಿಂದ ಬಂತು? ನಿಮ್ಮದು ಕದ್ದ ಕಾರಲ್ಲ, ಸಾಲದ ಕಾರು. ಹಾಗಾಗಿ ಸಾಲ ತೀರಿಸಿಕೊಡಿ ಅಂತಲೋ, ನಷ್ಟ ಕಟ್ಟಿಕೊಡಿ ಅಂತಲೋ ಕೇಳುವುದು ಮೊದಲ ದಾರಿ.

ಸರ್ಕಾರದ ವಾಹನ ನೋಂದಣಿ ಜಾಲತಾಣ ‘ವಾಹನ್’ನಲ್ಲಿ ಹೈಪೊಥಿಕೇಶನ್, ಅಂದರೆ ಕಾರಿನ ಮೇಲಿರುವ ಸಾಲದ ನಮೂದು, ಕಾಣಿಸುವ ಪುಟದ ಪ್ರಿಂಟ್ ತೆಗೆದಿಡಿ. ಡೀಲರ್‌ಗೆ ಬರವಣಿಗೆಯಲ್ಲೇ ನೋಟಿಸ್ ಕೊಡಿ: ಸಾಲ ತೀರಿಸಿ, ಆ ನಮೂದು ತೆಗೆಸುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದುಕೊಡಿ, ಇಲ್ಲವೇ ಹಣ ವಾಪಸ್ ಮಾಡಿ. ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಡೀಲರ್ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದ ಗಡುವು ಮಾತ್ರ ಮರೆಯಬೇಡಿ. ‘ಮುಂದಿನ ವಾರ ಆಗುತ್ತೆ ಸಾರ್’ ಅನ್ನುವುದರಲ್ಲೇ ಅದು ಕಳೆದುಹೋಗುತ್ತದೆ. ಮತ್ತೆ, ಈ ಕಾರನ್ನು ಇನ್ನೊಬ್ಬರಿಗೆ ದಾಟಿಸಲು ಹೋಗಬೇಡಿ. ಆಗ ಡೀಲರ್ ನಿಂತಿರುವ ಜಾಗದಲ್ಲಿ ನೀವೇ ನಿಂತಿರುತ್ತೀರಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ಡೀಲರ್‌ಗೆ ಕಾರು ಕೊಟ್ಟ ಆ ಹಳೇ ಮಾಲೀಕರ ಗತಿ? ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೊಟ್ಟರೆ ಮುಗಿಯಿತು ಅಂದುಕೊಂಡು ಅವರು ನೆಮ್ಮದಿಯಾಗಿರುತ್ತಾರೆ. ಮುಗಿದಿಲ್ಲ. ಕಾರು ಎಷ್ಟೋ ಕೈ ದಾಟಿ ಅಪಘಾತವಾದರೂ, ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಲ್ಲಿ ಇದಕ್ಕೊಂದು ದಾರಿ ಇದೆ. ಅಧಿಕೃತ ಡೀಲರ್‌ಗೆ ಕಾರು ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ಆರ್‌ಟಿಒಗೆ ತಿಳಿಸಿದರೆ, ಅಲ್ಲಿಂದ ಮುಂದೆ ಡೀಲರನ್ನೇ ಮಾಲೀಕ ಅಂತ ಲೆಕ್ಕ ಹಿಡಿಯುತ್ತಾರೆ. ಅದರ ಸ್ವೀಕೃತಿ ಕೈಗೆ ಬಂದ ಮೇಲೇ ಎರಡನೇ ಕೀ ಕೊಡಿ.