ಫೋರ್ಟಿನ ಸ್ಟುಡಿಯೋದಲ್ಲಿ ಹುಟ್ಟಿದ ಬೀಟಲ್ಸ್ ಹಾಡು

ಮುಂಬೈಯ ಫೋರ್ಟಿನಲ್ಲಿ ನೌಕರಿ ಮಾಡಿದ ಕನ್ನಡಿಗರಿಗೆ ಪಿ.ಎಂ. ರೋಡ್ ಹೊಸದಲ್ಲ. ಬ್ಯಾಂಕುಗಳು, ವಿಮಾ ಕಂಪನಿಗಳು, ಉಡುಪಿ ಹೋಟೆಲುಗಳು, ಸಂಜೆಯಾದರೆ ಲೋಕಲ್ ಹಿಡಿಯಲು ಸ್ಟೇಷನ್ ಕಡೆ ಓಡುವ ಜನ. ಈ ರಸ್ತೆಯ ಯೂನಿವರ್ಸಲ್ ಇನ್ಶೂರೆನ್ಸ್ ಕಟ್ಟಡದಲ್ಲಿ ಹಿಂದೆ ರೆಕಾರ್ಡ್ ಕಂಪನಿ ಎಚ್‌ಎಂವಿಯ ಸ್ಟುಡಿಯೋ ಇತ್ತು. 1968ರ ಜನವರಿಯಲ್ಲಿ ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಒಂದು ಹಾಡಿನ ಪೂರ್ತಿ ವಾದ್ಯಸಂಗೀತ ಅಲ್ಲೇ ರೆಕಾರ್ಡ್ ಆಯಿತು. ಹಾಡಿನ ಹೆಸರು ‘ದಿ ಇನ್ನರ್ ಲೈಟ್’. ಬೀಟಲ್ಸ್ ಎಂದರೆ ಪ್ರಾಣ ಬಿಡುವವರಲ್ಲೂ ಎಷ್ಟೋ ಮಂದಿ ಇದನ್ನು ಕೇಳಿರುವುದಿಲ್ಲ. ನನ್ನ ಮಟ್ಟಿಗೆ ಇದು ಬೀಟಲ್ಸ್ ಹಾಡಾಗಿರುವಷ್ಟೇ ಮುಂಬೈಯ ಹಾಡೂ ಹೌದು.

ಹಾಡು ಬರೆದವರು ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. 1965ರಲ್ಲಿ ಒಂದು ಹಾಡಿಗೆ ಅವರು ಸಿತಾರ್ ನುಡಿಸಿದ್ದರು. ಆಗ ಅದನ್ನು ಸರಿಯಾಗಿ ಕಲಿತೂ ಇರಲಿಲ್ಲ. ಮರುವರ್ಷ ರವಿಶಂಕರರ ಬಳಿ ಕಲಿಯಲು ಬಾಂಬೆಗೆ ಬಂದರು. ತಾಜ್ ಹೋಟೆಲಿನಲ್ಲಿ ಇದ್ದಾರೆ ಎಂಬ ಸುದ್ದಿ ಹಬ್ಬಿ ಜನ ಮುತ್ತಿಕೊಂಡರು. ಪಾಠ ಮುಂದುವರಿಸಲು ಗುರು-ಶಿಷ್ಯರು ಕಾಶ್ಮೀರಕ್ಕೇ ಹೋಗಬೇಕಾಯಿತು.

1968ರಲ್ಲಿ ಬಂದದ್ದು ಕೆಲಸದ ಮೇಲೆ. ‘ವಂಡರ್‌ವಾಲ್’ ಎಂಬ ಇಂಗ್ಲಿಷ್ ಸಿನಿಮಾಗೆ ಹಿನ್ನೆಲೆ ಸಂಗೀತ ಮಾಡಿಕೊಡಲು ಒಪ್ಪಿದ್ದರು. ಅದರ ಭಾರತೀಯ ಭಾಗಗಳನ್ನು ಇಲ್ಲಿನ ವಾದಕರಿಂದಲೇ ನುಡಿಸಬೇಕು ಎಂಬುದು ಅವರ ಆಸೆ. ಸಿನಿಮಾದ ಕೆಲಸ ಮುಗಿದ ಮೇಲೂ ಸ್ಟುಡಿಯೋ ಸಮಯ ಉಳಿಯಿತು. ಉಳಿದ ಸಮಯದಲ್ಲಿ ಮಾಡಿದ ರೆಕಾರ್ಡಿಂಗುಗಳಲ್ಲಿ ಈ ಹಾಡಿನ ಸಂಗೀತವೂ ಒಂದು.

ಸ್ಟುಡಿಯೋ ಹೇಗಿತ್ತು ಎಂದು ಹ್ಯಾರಿಸನ್ನರೇ ಆಮೇಲೆ ನೆನಪಿಸಿಕೊಂಡಿದ್ದಾರೆ. ಲಂಡನ್ನಿನ ಹಾಗೆ ಒಂದೊಂದು ವಾದ್ಯವನ್ನು ಬೇರೆಬೇರೆ ಟ್ರ್ಯಾಕಿನಲ್ಲಿ ಹಿಡಿದು ಆಮೇಲೆ ಜೋಡಿಸುವ ಅನುಕೂಲ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕು, ನುಡಿಸುತ್ತಿರುವಾಗಲೇ ಮಿಕ್ಸ್ ಆಗಬೇಕು. ಹೊರಗಿನ ಸದ್ದು ಬೇರೆ ಒಳಗೆ ಬರುತ್ತಿತ್ತು. ಸಂಜೆ ಐದೂವರೆಗೆ ಕಟ್ಟಡದ ಆಫೀಸುಗಳು ಬಿಟ್ಟಾಗ ಮೆಟ್ಟಿಲಿಳಿಯುವವರ ಹೆಜ್ಜೆ ಸದ್ದಿಗೆ ರೆಕಾರ್ಡಿಂಗನ್ನೇ ನಿಲ್ಲಿಸಬೇಕಾಗುತ್ತಿತ್ತಂತೆ. ನನಗೆ ಈ ವಿವರ ಬಹಳ ಇಷ್ಟ. ಹಗಲು ಫೋರ್ಟಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ನಮ್ಮ ಊರುಗಳ ಹುಡುಗರು ಆ ಕಾಲದಲ್ಲಿ ಕಡಿಮೆ ಇರಲಿಲ್ಲ. ಆ ಮೆಟ್ಟಿಲುಗಳಲ್ಲಿ ಅವರೂ ಇದ್ದಿರಬಹುದು, ಅಲ್ವಾ?

ಹಾಡಿನಲ್ಲಿ ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ. ಸರೋದ್, ಶಹನಾಯಿ, ಬಾನ್ಸುರಿ ಅಂದರೆ ಬಿದಿರಿನ ಕೊಳಲು, ಹಾರ್ಮೋನಿಯಂ, ಮೃದಂಗದಂಥ ಪಖವಾಜ್ ಇವೆ. ಸರೋದ್ ನುಡಿಸಿದವರು ಸರೋದ್ ಮಾಂತ್ರಿಕ ಅಲಿ ಅಕ್ಬರ್ ಖಾನರ ಮಗ ಆಶಿಷ್ ಖಾನ್. ಬಾನ್ಸುರಿ ಹರಿಪ್ರಸಾದ್ ಚೌರಾಸಿಯಾ ಅವರದು. ವೇಗದ ವಾದ್ಯಭಾಗ ಬಂದಾಗ ಶಹನಾಯಿ, ಸರೋದ್ ಮುನ್ನುಗ್ಗುತ್ತವೆ. ದನಿ ಶುರುವಾದ ಕೂಡಲೇ ಎಲ್ಲ ತಣ್ಣಗಾಗಿ ಬಾನ್ಸುರಿ ಅದರ ಜೊತೆ ನಡೆಯುತ್ತದೆ. ಇಡೀ ಹಾಡು ಎರಡೂವರೆ ನಿಮಿಷದ ಆಸುಪಾಸು, ಅಷ್ಟೇ. ಸಿನಿಮಾ ಸಂಗೀತದ ಊರಿನಲ್ಲಿ ಹೀಗೆ ಚುಟುಕಾಗಿ, ಅಳತೆಗೆ ತಕ್ಕಂತೆ ನುಡಿಸುವವರಿಗೆ ಬರವಿರಲಿಲ್ಲ.

ಸಾಹಿತ್ಯದ ಕಥೆ ಬೇರೆಯೇ. 1967ರ ಕೊನೆಗೆ ಹ್ಯಾರಿಸನ್ ಇಂಗ್ಲೆಂಡಿನ ಟಿವಿಯಲ್ಲಿ ಧ್ಯಾನದ ಬಗ್ಗೆ ಮಾತಾಡಿದ್ದರು. ಅದೇ ಕಾರ್ಯಕ್ರಮದಲ್ಲಿ ಕೇಂಬ್ರಿಜಿನ ಸಂಸ್ಕೃತ ವಿದ್ವಾಂಸ ಹುವಾನ್ ಮಸ್ಕರೋ ಇದ್ದರು. ಭಗವದ್ಗೀತೆ, ಉಪನಿಷತ್ತುಗಳನ್ನು ಇಂಗ್ಲಿಷಿಗೆ ತಂದವರು. ಆಮೇಲೆ ಅವರು ಹ್ಯಾರಿಸನ್‌ಗೆ ಒಂದು ಕಾಗದ ಬರೆದು, ತಮ್ಮ ಸಂಕಲನವೊಂದನ್ನೂ ಕಳಿಸಿದರು. ಅದರಲ್ಲಿದ್ದ, ಪ್ರಾಚೀನ ಚೀನಾದ ಜ್ಞಾನಿ ಲಾವೋತ್ಸುವಿನ ಪದ್ಯಕ್ಕೆ ಸಂಗೀತ ಕೂಡಿಸಬಾರದೇಕೆ ಎಂದು ಕೇಳಿದರು. ಅದು ಲಾವೋತ್ಸುವಿನ ಹೆಸರಿನಲ್ಲಿರುವ ಗ್ರಂಥ ‘ತಾವೊ ತೆ ಚಿಂಗ್’ನ 47ನೆಯ ಪದ್ಯ. ಬಾಗಿಲು ದಾಟದೆಯೇ ಲೋಕವನ್ನು ಅರಿಯಬಹುದು, ದೂರ ಹೋದಷ್ಟೂ ಅರಿವು ಕಡಿಮೆ ಎಂಬುದು ಅದರ ಸಾರ. ವಚನ ಓದಿ ಬೆಳೆದ ನಮಗೆ ಇದೇನೂ ಅಪರಿಚಿತ ಅನ್ನಿಸುವುದಿಲ್ಲ. ಹ್ಯಾರಿಸನ್ ಮಾತುಗಳನ್ನು ಅಲ್ಪಸ್ವಲ್ಪ ಬದಲಿಸಿ ಹಾಡಿಗೆ ಒಗ್ಗಿಸಿದರು.

ಬಾಂಬೆಯ ಟೇಪ್ ಲಂಡನ್ನಿಗೆ ಹೋಯಿತು. ಫೆಬ್ರವರಿ 6ರಂದು ಹ್ಯಾರಿಸನ್ ಅದಕ್ಕೆ ದನಿ ಸೇರಿಸಿದರು. ಶ್ರುತಿ ಎತ್ತರವಾಗಿದ್ದರಿಂದ ಮೊದಲು ಹಿಂಜರಿದರಂತೆ, ಜೊತೆಗಾರರು ಹುರಿದುಂಬಿಸಿದರು. ಎರಡು ದಿನದ ಮೇಲೆ ಬ್ಯಾಂಡಿನ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಕೊನೆಯ ಸಾಲಿಗೆ ದನಿಗೂಡಿಸಿದರು. ಅದಾಗಿ ಒಂದೇ ವಾರದಲ್ಲಿ ಹ್ಯಾರಿಸನ್ ಮತ್ತೆ ಭಾರತದ ದಾರಿ ಹಿಡಿದರು, ಈ ಸಲ ಹೃಷಿಕೇಶಕ್ಕೆ.

ಮಾರ್ಚ್ 15ರಂದು ಇಂಗ್ಲೆಂಡಿನಲ್ಲಿ ರೆಕಾರ್ಡ್ ಹೊರಬಂತು. ಒಂದು ಮಗ್ಗುಲಲ್ಲಿ ‘ಲೇಡಿ ಮಡೋನಾ’, ಹಿಂಬದಿಯಲ್ಲಿ ಈ ಹಾಡು. ಬೀಟಲ್ಸ್ ಸಿಂಗಲ್ ಒಂದರಲ್ಲಿ ಹ್ಯಾರಿಸನ್ ರಚನೆಗೆ ಜಾಗ ಸಿಕ್ಕಿದ್ದು ಅದೇ ಮೊದಲು. ಆದರೆ ರೇಡಿಯೋದವರು ಹಾಕುವುದು ಮುಂಬದಿಯನ್ನೇ. ಆಗಿನ ಯಾವ ಆಲ್ಬಮ್ಮಿನಲ್ಲೂ ಹಾಡು ಸೇರಲಿಲ್ಲ. ಸಂಕಲನವೊಂದರ ಮೂಲಕ ಎಲ್‌ಪಿಗೆ, ಅಂದರೆ ಹಲವು ಹಾಡುಗಳ ದೊಡ್ಡ ರೆಕಾರ್ಡಿಗೆ, ಬರಲು 1978ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಬ್ಯಾಂಡ್ ಒಡೆದು ಎಂಟು ವರ್ಷವಾಗಿತ್ತು.

ಹಾಡು ಮರೆಯಾದದ್ದಕ್ಕಿಂತ ಜಾಸ್ತಿ ನೋವು ಕೊಡುವ ಸಂಗತಿ ಇನ್ನೊಂದಿದೆ. ರೆಕಾರ್ಡಿನ ಮೇಲೆ ಬಾಂಬೆಯ ಒಬ್ಬ ವಾದಕರ ಹೆಸರೂ ಇರಲಿಲ್ಲ. ಬ್ಯಾಂಡಿನ ಹೆಸರು, ಹ್ಯಾರಿಸನ್ ಹೆಸರು, ಮುಗಿಯಿತು. ‘ವಂಡರ್‌ವಾಲ್’ ಆಲ್ಬಮ್ಮಿನಲ್ಲಿ ಭಾರತೀಯ ವಾದಕರ ಹೆಸರುಗಳನ್ನು ಅಚ್ಚು ಹಾಕಿದ್ದರು. ಈ ಹಾಡಿಗೆ ಅಷ್ಟೂ ಆಗಲಿಲ್ಲ. ಆ ಕಾಲದಲ್ಲಿ ನಮ್ಮ ಸಿನಿಮಾ ಹಾಡುಗಳ ವಾದಕರಿಗೂ ಇದೇ ಗತಿ ಇತ್ತು ನಿಜ. ಹಾಗೆಂದು ಅನ್ಯಾಯ ಅನ್ಯಾಯವಲ್ಲದೆ ಹೋಗುವುದಿಲ್ಲ.

ಮೆಕಾರ್ಟ್ನಿ ಆಗ ಈ ಹಾಡನ್ನು ಹೊಗಳುತ್ತಾ, ಭಾರತೀಯ ಸಂಗೀತವನ್ನು ಮರೆತು ಧಾಟಿಯನ್ನು ಕೇಳಿ, ಎಷ್ಟು ಚೆನ್ನಾಗಿದೆ ಎಂದಿದ್ದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ನಾನು ಒಪ್ಪುವುದಿಲ್ಲ. ‘ವಂಡರ್‌ವಾಲ್’ ಆಲ್ಬಮ್ 2014ರಲ್ಲಿ ಮರುಬಿಡುಗಡೆಯಾದಾಗ ಈ ಹಾಡಿನ ಬರೀ ವಾದ್ಯಗಳ ಇನ್ನೊಂದು ಟೇಕ್ ಅದರಲ್ಲಿ ಸೇರಿತು. ದನಿಯಿಲ್ಲದ ಆ ಟೇಕನ್ನು ಒಮ್ಮೆ ಕೇಳಿ. ಧಾಟಿ, ಏರಿಳಿತ, ಉಸಿರು ಎಲ್ಲವೂ ಅಲ್ಲಿ ಆಗಲೇ ಇದೆ.