ಪದ ಪರಿಚಯ: ಪ್ರಲಾಪ

ಕಷ್ಟ ಬಂದಾಗ ‘ದೇವರ ಮೇಲೆ ಭಾರ ಹಾಕು’ ಎನ್ನುವವರು ಬಹಳ ಮಂದಿ. ಭಾರ ಹಾಕುವುದು ಹೇಗೆಂದು ಹೇಳಿಕೊಡುವವರು ಕಡಿಮೆ. ಕ್ರೈಸ್ತರ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಅದಕ್ಕೊಂದು ದಾರಿಯಿದೆ, ಅದೇ ಪ್ರಲಾಪ. ದುಃಖ, ಸಿಟ್ಟು, ಸಂಶಯ ಯಾವುದನ್ನೂ ಮುಚ್ಚಿಡದೆ ನೇರವಾಗಿ ದೇವರ ಮುಂದೆಯೇ ತೋಡಿಕೊಳ್ಳುವ ಪ್ರಾರ್ಥನೆ ಇದು. ಸತ್ಯವೇದದ ‘ಕೀರ್ತನೆಗಳು’ ಎಂಬ ಹಾಡುಗಳ ಗ್ರಂಥದಲ್ಲಿರುವ 150 ಕೀರ್ತನೆಗಳಲ್ಲಿ ಸ್ತುತಿಗೀತೆಗಳೇ ಹೆಚ್ಚೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವುದು ಈ ಬಗೆಯ ಮೊರೆಗಳೇ.

13ನೆಯ ಕೀರ್ತನೆಯನ್ನು ನೋಡಿ. ಇರುವುದು ಆರೇ ವಚನ. ಮೊದಲ ಎರಡರಲ್ಲಿಯೇ ‘ಇನ್ನೆಷ್ಟು ಕಾಲ?’ ಎಂಬ ಕೂಗು ನಾಲ್ಕು ಸಲ ಏಳುತ್ತದೆ. ನನ್ನನ್ನು ಮರೆತುಬಿಟ್ಟೆಯಾ, ಮುಖ ಮರೆಮಾಡಿಕೊಂಡೆಯಾ ಎಂದು ಇಸ್ರಾಯೇಲಿನ ಅರಸ ದಾವೀದನು ದೇವರನ್ನೇ ಕೇಳುತ್ತಾನೆ. ಮುಂದಿನ ಎರಡು ವಚನಗಳಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಇಲ್ಲವಾದರೆ ಸತ್ತೇ ಹೋಗುತ್ತೇನೆ, ವೈರಿ ಗೆದ್ದೆನೆಂದು ಬೀಗುತ್ತಾನೆ. ಐದನೆಯ ವಚನದಲ್ಲಿ ಮಾತು ಹೊರಳುತ್ತದೆ. ನಾನಂತೂ ನಿನ್ನ ಪ್ರೀತಿಯನ್ನು ನಂಬಿದ್ದೇನೆ, ಹಾಡುತ್ತೇನೆ ಎನ್ನುತ್ತಾನೆ. ಈ ನಡುವೆ ವೈರಿ ಸೋತನೆಂದಾಗಲಿ, ಉತ್ತರ ಬಂತೆಂದಾಗಲಿ ಎಲ್ಲಿಯೂ ಹೇಳಿಲ್ಲ. ಪರಿಸ್ಥಿತಿ ಇದ್ದಂತೆಯೇ ಇದೆ. ಕ್ರೈಸ್ತರು ಭರವಸೆ ಎಂದು ಕರೆಯುವುದು ಈ ಹೊರಳುವಿಕೆಯನ್ನೇ ಎಂದು ನನಗೆ ಅನ್ನಿಸುತ್ತದೆ.

ಪ್ರಲಾಪವನ್ನು ಗುಣುಗುಟ್ಟುವಿಕೆಯೊಂದಿಗೆ ಬೆರೆಸಬಾರದು. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾಗಿ ಬಂದ ಇಸ್ರಾಯೇಲ್ಯರು ಅರಣ್ಯದಲ್ಲಿ ಗುಣುಗುಟ್ಟಿದರು; ದೇವರ ಬೆನ್ನ ಹಿಂದೆ ತಮ್ಮತಮ್ಮಲ್ಲಿಯೇ ದೂರಿಕೊಂಡು, ಹೊಸ ನಾಯಕನನ್ನು ಆರಿಸಿಕೊಂಡು ಐಗುಪ್ತಕ್ಕೆ ಹಿಂದಿರುಗೋಣ ಎಂದರು. ಪ್ರಲಾಪಿಸುವವನು ದೂರನ್ನು ದೇವರ ಬಳಿಗೇ ಒಯ್ಯುತ್ತಾನೆ. ಕೇಳುವವನು ಇದ್ದಾನೆ ಎಂಬ ನಂಬಿಕೆ ಇಲ್ಲದವನು ಅಷ್ಟು ದೂರ ಹೋಗುವುದೇ ಇಲ್ಲ.

ಎಲ್ಲ ಪ್ರಲಾಪಗಳೂ ಹಾಡಿಗೆ ಹೊರಳುವುದಿಲ್ಲ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ. ಬಾಬೆಲಿನವರು (ಬ್ಯಾಬಿಲೋನಿಯನ್ನರು) ಯೆರೂಸಲೇಮನ್ನು ನಾಶಮಾಡಿದ ಮೇಲೆ ಹುಟ್ಟಿದ ‘ಪ್ರಲಾಪಗಳು’ ಗ್ರಂಥದ್ದೂ ಹೆಚ್ಚುಕಡಿಮೆ ಇದೇ ಕಥೆ. ಅದರ ಮೊದಲ ನಾಲ್ಕು ಅಧ್ಯಾಯಗಳನ್ನು ಹೀಬ್ರೂ ಭಾಷೆಯ 22 ಅಕ್ಷರಗಳಿಂದ ಒಂದೊಂದಾಗಿ ಪದ್ಯಗಳು ಶುರುವಾಗುವಂತೆ ಹೆಣೆದಿದ್ದಾರೆ. ಉಕ್ಕಿ ಬರುವ ಅಳುವಿಗೂ ಒಂದು ಕಟ್ಟು. ದೇವರ ಕರುಣೆ ಪ್ರತಿ ಮುಂಜಾನೆ ಹೊಸದು ಎಂಬ, ಎಲ್ಲರ ಬಾಯಲ್ಲಿರುವ ಮಾತು ಬರುವುದು ನಡುವಿನ ಮೂರನೆಯ ಅಧ್ಯಾಯದಲ್ಲಿ. ಆ ಮಾತನ್ನು ಮಾತ್ರ ಕಿತ್ತು ಗೋಡೆಗೆ ತೂಗುಹಾಕುವುದು ನನಗೆ ಒಪ್ಪಿಗೆಯಲ್ಲ. ಅದರ ಹಿಂದೆ ಮುಂದೆ ಹಸಿದ ಮಕ್ಕಳಿದ್ದಾರೆ, ಉರಿದ ನಗರವಿದೆ. ಕೊನೆಯ ವಚನದಲ್ಲಿ, ದೇವರು ನಮ್ಮನ್ನು ಪೂರ್ತಿಯಾಗಿ ಕೈಬಿಟ್ಟನೋ ಎಂಬ ಅಳುಕು ಉಳಿದೇ ಇದೆ.

ಶಿಲುಬೆಯ ಮೇಲೆ ಯೇಸು ಕೂಗಿದ ‘ನನ್ನ ದೇವರೇ, ನನ್ನ ದೇವರೇ, ನನ್ನನ್ನೇಕೆ ಕೈಬಿಟ್ಟೆ?’ ಎಂಬುದು 22ನೆಯ ಕೀರ್ತನೆಯ ಮೊದಲ ಸಾಲು. ಮತ್ತಾಯ ಮತ್ತು ಮಾರ್ಕನ ಸುವಾರ್ತೆಗಳೆರಡೂ ಇದನ್ನು ದಾಖಲಿಸಿವೆ. ಹಾಗಾಗಿ ‘ಹೀಗೆಲ್ಲ ಕೇಳಬಾರದು, ಅದು ಅವಿಶ್ವಾಸ’ ಎಂದು ನೊಂದವರ ಬಾಯಿ ಮುಚ್ಚಿಸುವುದಕ್ಕೆ ಕ್ರೈಸ್ತ ನಂಬಿಕೆಯಲ್ಲಿ ಆಧಾರವಿಲ್ಲ.

ಸತ್ಯವೇದದಲ್ಲಿ, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಮಾಡಿದ್ದು ಅದನ್ನೇ. ಏಳು ದಿನ ಅವನ ಜೊತೆ ಸುಮ್ಮನೆ ನೆಲದ ಮೇಲೆ ಕುಳಿತಿದ್ದರು, ಅಷ್ಟರಮಟ್ಟಿಗೆ ಒಳ್ಳೆಯವರೇ. ಬಾಯಿ ತೆರೆದ ಮೇಲೆ ಮಾತ್ರ ದೇವರ ಪರ ವಕಾಲತ್ತು ವಹಿಸಿ, ತಪ್ಪೆಲ್ಲ ಯೋಬನದೇ ಎಂದು ಸಾಧಿಸಲು ಹೊರಟರು. ಯೋಬನೋ, ಹುಟ್ಟಿದ ದಿನವನ್ನೇ ಶಪಿಸಿದ್ದನು, ದೇವರೊಂದಿಗೆ ವ್ಯಾಜ್ಯಕ್ಕೇ ನಿಂತಿದ್ದನು. ಅವನ ದುಡುಕು ಮಾತುಗಳನ್ನು ದೇವರು ಪ್ರಶ್ನಿಸಿದ್ದೂ ಉಂಟು. ಆದರೂ ಗ್ರಂಥದ ಕೊನೆಯಲ್ಲಿ ದೇವರು ಕೋಪಗೊಂಡದ್ದು ಆ ಮೂವರು ಗೆಳೆಯರ ಮೇಲೆ. ನನ್ನ ಸೇವಕನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಲಿಲ್ಲ, ಅವನ ಬಳಿಗೆ ಹೋಗಿ, ಅವನೇ ನಿಮಗಾಗಿ ಪ್ರಾರ್ಥಿಸಲಿ ಎಂದು ಅವರಿಗೆ ಹೇಳಿದನು.